ಹೊನ್ನಾವರದಲ್ಲಿ ಎರಡು ರಾತ್ರಿ: ಹಲಾಲ್ ಊಟ, ಅತ್ತೆಯ ಮಂಡಿ ನೋವು, ನೀರಿನ ಹೊತ್ತು

ಪ್ರಶ್ನೆ: ನಾವು ಶಿವಮೊಗ್ಗದವರು. ಡಿಸೆಂಬರ್ ಕೊನೆಯಲ್ಲಿ ಮೂರು ದಿನ ಹೊನ್ನಾವರದ ಕಡೆ ಹೋಗೋಣ ಅಂತಿದ್ದೀವಿ. ಒಟ್ಟು ಒಂಬತ್ತು ಜನ. ಅತ್ತೆಗೆ 70 ವರ್ಷ, ಮಂಡಿ ನೋವು, ಶುಗರ್ ಬೇರೆ. ಮಕ್ಕಳಿಗೆ 5 ಮತ್ತು 9. ಜೋಗ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಬೋಟಿಂಗ್, ಅಪ್ಸರಕೊಂಡ, ಮುರುಡೇಶ್ವರ, ಮಿರ್ಜಾನ್ ಕೋಟೆ, ಯಾಣ, ಗೋಕರ್ಣ ಅಂತ ಪಟ್ಟಿ ಮಾಡಿದ್ದೀವಿ. ಹಲಾಲ್ ಊಟ ಭಟ್ಕಳದಲ್ಲಿ ಮಾತ್ರ ಸಿಗೋದು, ಅಲ್ಲೇ ಉಳ್ಕೊಳ್ಳಿ ಅಂತಾಳೆ ನಾದಿನಿ. ಮೀನು ತಿಂದ್ರೆ ಮುಗೀತಲ್ಲ, ಅದಕ್ಕೇನು ಹಲಾಲ್ ಕೇಳೋದು ಅಂತಾರೆ ನಮ್ಮನೆಯವರು. ನಮಾಜಿಗೂ ತೊಂದರೆ ಆಗಬಾರದು. ಮಂಗನ ಕಾಯಿಲೆ ಸೀಸನ್ ಬೇರೆ. ಹೋಗಬಹುದಾ? ಆರಾಮಾಗಿ ಹೋಗಿಬರೋದು ಹೇಗೆ?

ಉತ್ತರ: ಧಾರಾಳವಾಗಿ ಹೋಗಬಹುದು. ಆದರೆ ಆ ಪಟ್ಟಿ ಹಿಡಿದು ಹೊರಟರೆ ಆರಾಮ ಅನ್ನುವ ಮಾತನ್ನು ಮನೆಯಲ್ಲೇ ಬಿಟ್ಟು ಹೋಗಬೇಕಾಗುತ್ತದೆ. ಎಂಟು ಜಾಗ, ಮೂರು ದಿನ, ಅದರಲ್ಲಿ ಎರಡು ಅರ್ಧ ದಿನ ರಸ್ತೆಯ ಮೇಲೆ. ಯಾಣ, ಮಿರ್ಜಾನ್, ಗೋಕರ್ಣ ಮೂರೂ ಹೊನ್ನಾವರದಿಂದ ಉತ್ತರಕ್ಕೆ, ಕುಮಟಾದ ಆಚೆ. ಮುರುಡೇಶ್ವರ, ಭಟ್ಕಳ ದಕ್ಷಿಣಕ್ಕೆ. ಒಂದು ದಿಕ್ಕನ್ನು ಕೈಬಿಡಿ. ನಿಮ್ಮ ಮನೆಗೆ ಉತ್ತರವನ್ನು ಬಿಡುವುದೇ ಸರಿ. ಯಾಣದಲ್ಲಿ ಕಾಡಿನೊಳಗೆ ನಡೆಯಬೇಕು, ಬಂಡೆಯ ಬುಡದಲ್ಲಿ ಮೆಟ್ಟಿಲು ಹತ್ತಬೇಕು. ಅತ್ತೆ ಕಾರಿನಲ್ಲಿ ಕೂತು ಕಾಯುವ ಪ್ರವಾಸ ಯಾರಿಗೆ ಬೇಕು?

ಈಗ ಊಟ. ನಾದಿನಿಯವರ ಮಾತು ಅರ್ಧ ನಿಜ. ಭಟ್ಕಳ ಕರಾವಳಿಯ ಮುಸ್ಲಿಮರಾದ ನವಾಯತರ ಊರು, ಅಲ್ಲಿ ಊಟಕ್ಕೆ ಯೋಚನೆಯೇ ಇಲ್ಲ. ಆದರೆ ನವಾಯತರು ಮಂಕಿ, ಮುರುಡೇಶ್ವರ, ಶಿರೂರುಗಳಲ್ಲೂ ತಲೆಮಾರುಗಳಿಂದ ಇದ್ದಾರೆ. ಹೊನ್ನಾವರ ಪೇಟೆಯಲ್ಲೂ ಮಸೀದಿಯಿದೆ, ಮುಸ್ಲಿಮರ ಹೋಟೆಲು, ಕೋಳಿ ಅಂಗಡಿ ಇವೆ. ಸಿಗುವುದಿಲ್ಲ ಅನ್ನುವುದು ತಪ್ಪು. ಭಟ್ಕಳದಷ್ಟು ಆಯ್ಕೆ ಇಲ್ಲ, ರಾತ್ರಿ ಬೇಗ ಮುಗಿಯುತ್ತದೆ ಅನ್ನಿ, ಅದು ಸರಿ. ಒಂಬತ್ತು ಜನ ಹೇಳದೆ ಕೇಳದೆ ರಾತ್ರಿ ಒಂಬತ್ತೂವರೆಗೆ ಸಣ್ಣ ಹೋಟೆಲಿಗೆ ಹೋದರೆ ಅನ್ನ ಇದ್ದರೆ ಸಾರಿರುವುದಿಲ್ಲ. ಸಂಜೆ ಐದಕ್ಕೊಂದು ಫೋನ್ ಮಾಡಿಟ್ಟರೆ ಆ ತೊಂದರೆಯಿಲ್ಲ.

ನಿಮ್ಮ ಯಜಮಾನರ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೀನಿಗೆ ಜಬಹ್ (ಇಸ್ಲಾಮಿನ ಕ್ರಮದಂತೆ ಕೊಯ್ಯುವುದು) ಬೇಡ, ಅದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಮೀನೂಟ ಅಂದರೆ ಬರೀ ಮೀನಲ್ಲ. ಕರಾವಳಿಯ ಮುಸ್ಲಿಮರು ಹೆಚ್ಚಿನವರು ಶಾಫಿ ಪಂಥದವರು. ಅವರಿಗೆ ಬೊಂಡಾಸ್ (ಸ್ಕ್ವಿಡ್), ಬೆಳಚು (ಚಿಪ್ಪುಮೀನು) ನಡೆಯುತ್ತದೆ, ಏಡಿಯ ವಿಷಯದಲ್ಲಿ ಮಾತ್ರ ಅವರಲ್ಲೇ ಭಿನ್ನಾಭಿಪ್ರಾಯವಿದೆ. ಶಿವಮೊಗ್ಗ ಕಡೆಯ ಮನೆಗಳು ಬಹುಪಾಲು ಹನಫಿ ಪಂಥದವು. ಅಲ್ಲಿ ಮೀನು ಮಾತ್ರ, ಏಡಿ, ಬೆಳಚು ಇಲ್ಲ. ಸಿಗಡಿ ವಿಷಯದಲ್ಲಿ ಹನಫಿ ಉಲಮಾಗಳಲ್ಲೇ ಎರಡು ಅಭಿಪ್ರಾಯ. ಹಾಗಾಗಿ ಹಲಾಲ್ ಅಂತ ನಂಬಿ ಹೋದ, ಮುಸ್ಲಿಮರದೇ ಆದ ಹೋಟೆಲಿನಲ್ಲೂ ತಟ್ಟೆಯ ಅಂಚಿನ ಪುಟ್ಟ ಬಟ್ಟಲಲ್ಲಿ ತೆಂಗಿನತುರಿ ಹಾಕಿದ ಒಂದು ಸುಕ್ಕಾ ಬರಬಹುದು. ನೋಡಲು ಪಲ್ಯದ ಹಾಗೆ, ಬೆರಳಲ್ಲಿ ಕೆದಕಿದರೆ ಒಳಗೆ ಉಗುರಿನಷ್ಟು ಮಾಂಸ. ಅದು ಬೆಳಚು. ಅವರು ಮೋಸ ಮಾಡಿದ್ದಲ್ಲ, ಅವರ ಮಟ್ಟಿಗೆ ಅದು ಹಲಾಲೇ. ಕೂರುವ ಮೊದಲೇ 'ಏಡಿ, ಬೆಳಚು, ಬೊಂಡಾಸ್ ಬೇಡ, ಬಂಗುಡೆ ಇಲ್ಲಾ ಇಸ್ವಾಣ ಕೊಡಿ' ಅಂದುಬಿಡಿ.

ಇನ್ನೊಂದು ತೊಡಕು ತವಾದ್ದು. ಮಿಶ್ರ ಹೋಟೆಲುಗಳಲ್ಲಿ ಕೋಳಿ ಕರಿದ ಎಣ್ಣೆಯಲ್ಲೇ ಮೀನೂ ಕರಿಯುತ್ತಾರೆ. ಕೋಳಿ ಎಲ್ಲಿಂದ ಬಂತೆಂದು ಗೊತ್ತಿಲ್ಲದಿದ್ದರೆ ಮೀನಿನ ಪ್ರಶ್ನೆಯೂ ಅಲ್ಲಿಗೇ ಬಂದು ನಿಲ್ಲುತ್ತದೆ. ಜೊತೆಗೆ 'ಬಾರ್ ಅಂಡ್ ರೆಸ್ಟೋರೆಂಟ್'ಗಳು ಹೆದ್ದಾರಿಯುದ್ದಕ್ಕೂ ಇವೆ. ಫ್ಯಾಮಿಲಿ ರೂಮು ಬೇರೆ ಅಂತಾರೆ, ಅಡುಗೆಮನೆ ಒಂದೇ.

ಬೋರ್ಡಿನ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಹಲಾಲ್ ಪ್ರಮಾಣಪತ್ರ ಕೊಡುವುದು ಖಾಸಗಿ ಸಂಸ್ಥೆಗಳು. ಸಣ್ಣ ಊರಿನ ಹೋಟೆಲು ಅದಕ್ಕೆ ದುಡ್ಡು ಕಟ್ಟಿ ತರುವುದು ಕಡಿಮೆ. ಬೋರ್ಡಿಲ್ಲ ಎಂದು ಬಿಟ್ಟುಬರಬೇಡಿ, ಬೋರ್ಡಿದೆ ಎಂದು ಕೇಳದೆ ಕೂರಲೂ ಬೇಡಿ. ಹೋಂಸ್ಟೇಗೆ ಫೋನ್ ಮಾಡಿ 'ಹಲಾಲ್ ಇದೆಯಾ' ಎಂದರೆ 'ಹೌದು ಮೇಡಂ' ಎಂದೇ ಉತ್ತರ ಬರುವುದು, ಬುಕಿಂಗ್ ಯಾರಿಗೆ ಬೇಡ? ಹಾಗೆ ಕೇಳಬೇಡಿ. 'ಕೋಳಿ ಯಾವ ಅಂಗಡಿಯಿಂದ ತರ್ತೀರಿ?' ಅನ್ನಿ. ಅಂಗಡಿಯ ಹೆಸರು ಥಟ್ಟನೆ ಬಂದರೆ ನಂಬಬಹುದು. ತಡವರಿಸಿದರೆ ಸುಮ್ಮನೆ ಹೌದೆಂದಿದ್ದಾರೆ ಅಂತ ಅರ್ಥ. ಆಮೇಲೆ ಹಂದಿ ಮಾಂಸ ಆ ಅಡುಗೆಮನೆಯಲ್ಲಿ ಮಾಡುತ್ತಾರಾ, ಮೀನಿಗೆ ತವಾ ಬೇರೆ ಇಡುತ್ತಾರಾ ಅಂತ ಕೇಳಿ. ಕರಾವಳಿಯ ಕೆಲವು ಮನೆಗಳಲ್ಲಿ ಹಂದಿ ಹಬ್ಬದಡುಗೆ, ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೊನೆಗೆ, ಬೇರೆ ಅತಿಥಿಗಳು ಕುಡಿಯಲು ಬಿಡುತ್ತೀರಾ ಅಂತ. ಡಿಸೆಂಬರ್ ಕೊನೆಯ ವಾರ ಈ ಪ್ರಶ್ನೆ ಉಳಿದೆಲ್ಲಕ್ಕಿಂತ ಮುಖ್ಯವಾಗಬಹುದು. ಉತ್ತರಗಳನ್ನು ವಾಟ್ಸಾಪಿನಲ್ಲಿ ಬರೆಸಿಕೊಂಡು, ಬರುವವರ ಹೆಸರುಗಳನ್ನೂ ಮೊದಲೇ ಕಳಿಸಿ, ರೂಮು ಖಚಿತ ಅಂತ ಅವರಿಂದ ಬಂದ ಮೇಲೆಯೇ ಮುಂಗಡ ಕೊಡಿ. ಬಾಗಿಲಲ್ಲಿ ನಿಂತು ಚರ್ಚೆ ಮಾಡುವುದು ತಪ್ಪುತ್ತದೆ.

ಶರಾವತಿ ದಂಡೆಯ ಅಡಿಕೆ ತೋಟಗಳೊಳಗೆ ಹವ್ಯಕರ ಸಸ್ಯಾಹಾರಿ ಹೋಂಸ್ಟೇಗಳಿವೆ. 'ನಮಗದು ಆಗಲ್ಲ' ಎಂದು ಬಹಳ ಮುಸ್ಲಿಂ ಕುಟುಂಬಗಳು ಅವನ್ನು ನೋಡುವುದೇ ಇಲ್ಲ. ನನ್ನ ಕೇಳಿದರೆ ಹಲಾಲ್ ಲೆಕ್ಕಕ್ಕೆ ಅದಕ್ಕಿಂತ ಸುಲಭದ ಅಡುಗೆಮನೆ ಇನ್ನೊಂದಿಲ್ಲ: ಮಾಂಸವೇ ಇಲ್ಲ, ಕೇಳುವುದೇ ಇಲ್ಲ. ಬೆಳಗ್ಗೆ ನೀರುದೋಸೆ, ರಾತ್ರಿ ತಂಬುಳಿ ಅನ್ನ, ಮಧ್ಯಾಹ್ನ ಪೇಟೆಯಲ್ಲಿ ಮೀನು ಅಥವಾ ಬಿರಿಯಾನಿ. ಒಂದೇ ಕಟ್ಟುಪಾಡು, ಬಿರಿಯಾನಿ ಪಾರ್ಸೆಲ್ ಆ ಮನೆಯೊಳಗೆ ತರುವಂತಿಲ್ಲ. ಕಾರಿನಲ್ಲಿಟ್ಟು ಕದ್ದು ತಿನ್ನುವ ಯೋಚನೆಯೂ ಬೇಡ.

ಎಲ್ಲಿ ಉಳಿಯುವುದು? ಮೂರು ದಾರಿ ಇವೆ. ಭಟ್ಕಳದಲ್ಲಿ ಉಳಿದರೆ ಊಟ, ಮಸೀದಿ ಎರಡೂ ಕೈಯಳತೆಯಲ್ಲಿ. ಆದರೆ ನೀವು ನೋಡಬೇಕೆಂದಿರುವ ನದಿ, ಕಾಂಡ್ಲಾ ಎಲ್ಲ ಸುಮಾರು 40 ಕಿ.ಮೀ. ದೂರ. ದಿನಾ ಹೋಗಿಬರುವುದೆಂದರೆ ಮಕ್ಕಳಿಗೆ ಹೆದ್ದಾರಿ ನೋಡಿದ್ದೇ ಬಂತು. ಮುರುಡೇಶ್ವರದಲ್ಲಿ ಕಿಟಕಿಗೇ ಸಮುದ್ರ ಕಾಣುವ ರೂಮು ಸಿಗುತ್ತದೆ, ಜೊತೆಗೆ ಡಿಸೆಂಬರಿನ ಶಾಲಾ ಪ್ರವಾಸದ ಬಸ್ಸುಗಳೂ. ನಾನು ಹೇಳುವುದು ಹೊನ್ನಾವರ ಸೇತುವೆಯಾಚೆಯ ಕಾಸರಕೋಡು ಕಡೆ ಒಂದೇ ಮನೆ, ಎರಡು ರಾತ್ರಿ. ಅತ್ತೆಗೆ ನೆಲಮಹಡಿಯ ರೂಮು, ಕಮೋಡು, ಕೈ ಶವರ್ ಇದೆಯಾ ಅಂತ ಫೋಟೊ ತರಿಸಿಕೊಳ್ಳಿ. ಹಳೆಯ ಮನೆಗಳಲ್ಲಿ ಜಗಲಿಗೆ ಹತ್ತುವ ಮೆಟ್ಟಿಲು ಮೂರೇ ಇರಬಹುದು, ಆದರೆ ಒಂದೊಂದೂ ಮೊಣಕಾಲೆತ್ತರ. ಕೂತು ನಮಾಜ್ ಮಾಡುವವರಾದರೆ ಕೈಯಿಲ್ಲದ ಪ್ಲಾಸ್ಟಿಕ್ ಸ್ಟೂಲ್ ಒಂದನ್ನು ಮನೆಯಿಂದಲೇ ಒಯ್ಯಿರಿ.

ನಮಾಜಿನ ಹೊತ್ತಿನಲ್ಲಿ ಹನಫಿ ಮನೆಯವರು ಕರಾವಳಿಯಲ್ಲಿ ತಪ್ಪದೆ ಎಡವುವುದು ಅಸರ್‌ನಲ್ಲಿ. ಶಾಫಿ ಲೆಕ್ಕದಲ್ಲಿ ಅಸರ್ (ಸಂಜೆಗೆ ಮುಂಚಿನ ನಮಾಜ್) ಬೇಗ ಶುರು. ಡಿಸೆಂಬರ್ ಕೊನೆಗೆ ಹೊನ್ನಾವರದಲ್ಲಿ ಶಾಫಿ ಅಸರ್ ಹೆಚ್ಚುಕಮ್ಮಿ 3:45ಕ್ಕೆ, ಹನಫಿ ಅಸರ್ 4:35ಕ್ಕೆ. ನಿಮ್ಮ ಫೋನಿನ ಆ್ಯಪು ಹನಫಿಯಲ್ಲಿದ್ದರೆ ಅದು ಕೂಗುವಷ್ಟರಲ್ಲಿ ಅಲ್ಲಿನ ಮಸೀದಿಯ ಜಮಾತ್ (ಸಾಮೂಹಿಕ ನಮಾಜ್) ಮುಗಿದು ಚಾಪೆ ಮಡಚಿರುತ್ತದೆ. ಜಮಾತ್ ಬೇಕಿದ್ದರೆ ಬೆಳಿಗ್ಗೆಯೇ ಮಸೀದಿಯ ಹಲಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಮನೆಯಲ್ಲೇ ನಿಮ್ಮ ಹೊತ್ತಿಗೆ ಮಾಡಿ. ಮಗ್ರಿಬ್ (ಸೂರ್ಯಾಸ್ತದ ನಮಾಜ್) ಸುಮಾರು 6:10. ಸೂರ್ಯಾಸ್ತದ ಬೋಟು ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ. ಶಿವಮೊಗ್ಗದಿಂದ ಹೊನ್ನಾವರ ಸುಮಾರು 160 ಕಿ.ಮೀ., ಹನಫಿ ಲೆಕ್ಕದ ಸಫರ್ (ಪ್ರಯಾಣ) ಅಂತರಕ್ಕೆ ಎರಡು ಪಟ್ಟು, ಹಾಗಾಗಿ ಕಸರ್ (ಪ್ರಯಾಣದಲ್ಲಿ ನಮಾಜನ್ನು ಮೊಟಕುಗೊಳಿಸುವುದು) ಅನ್ವಯಿಸುತ್ತದೆ. ವಿವರಕ್ಕೆ ನಿಮ್ಮ ಮೊಹಲ್ಲಾದ ಇಮಾಮರೇ ಸರಿ.

ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮಕ್ಕಾದ ದಿಕ್ಕಿನ ಬಗ್ಗೆ ಒಂದು ಮಾತು. ಸಮುದ್ರದ ಕಡೆ ಮುಖ ಮಾಡಿದರೆ ಆಯಿತು ಅನ್ನುವವರಿದ್ದಾರೆ. ಅಲ್ಲಿಂದ ಕಿಬ್ಲಾ ಪಶ್ಚಿಮಕ್ಕಿಂತ ಸುಮಾರು 17 ಡಿಗ್ರಿ ಉತ್ತರಕ್ಕಿದೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಪಶ್ಚಿಮಕ್ಕಲ್ಲ, ನೈಋತ್ಯದ ಕಡೆ ವಾಲಿ. ಮುಳುಗುವ ಸೂರ್ಯನಿಗೆ ಮುಖ ಮಾಡಿ ನಿಂತರೆ ಕಿಬ್ಲಾ ನಿಮ್ಮ ಬಲಕ್ಕೆ 40 ಡಿಗ್ರಿ, ಅಂದರೆ ನೇರಕ್ಕೂ ಬಲಗೈಗೂ ನಡುವಿನ ಅರ್ಧದ ಸಮೀಪ. ಫೋನಿನ ದಿಕ್ಸೂಚಿಯನ್ನು ಕಾರಿನೊಳಗೆ ನೋಡಬೇಡಿ. ಮೊಬೈಲ್ ಹೋಲ್ಡರಿನ ಅಯಸ್ಕಾಂತ ಮತ್ತು ಕಾರಿನ ಕಬ್ಬಿಣ ಮುಳ್ಳನ್ನು ಎತ್ತಲೋ ಎಳೆಯುತ್ತವೆ. ಹತ್ತು ಹೆಜ್ಜೆ ಆಚೆ ಹೋಗಿ ನೋಡಿ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ನೀರಿನ ವಿಷಯ. ಊಟದ ಬಗ್ಗೆ ಹತ್ತು ಪ್ರಶ್ನೆ ಕೇಳುವ ಮನೆಗಳು ನೀರಿನ ಬಗ್ಗೆ ಒಂದೂ ಕೇಳುವುದಿಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ಶಾಲಾ ಹುಡುಗಿಯರು ಮುಳುಗಿ ಸತ್ತರು. ಮಳೆಗಾಲವಲ್ಲ, ಬಿರುಗಾಳಿಯಿಲ್ಲ. ಅಲೆ ದಡಕ್ಕೆ ತಂದು ಹಾಕಿದ ನೀರು ವಾಪಸು ಹೋಗಬೇಕಲ್ಲ, ಅದು ಮರಳಿನ ದಿಬ್ಬಗಳ ನಡುವಿನ ತಗ್ಗು ಹಿಡಿದು ಒಂದೇ ಧಾರೆಯಾಗಿ ಒಳಕ್ಕೆ ಸೆಳೆಯುತ್ತದೆ. ಆ ಪಟ್ಟಿಯಲ್ಲಿ ಅಲೆ ಒಡೆಯುವುದಿಲ್ಲ, ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತದೆ. 'ಇಲ್ಲಿ ಅಲೆ ಕಡಿಮೆ, ಮಕ್ಕಳನ್ನ ಇಲ್ಲೇ ಬಿಡೋಣ' ಎಂದು ಅಪ್ಪಂದಿರು ಆರಿಸುವುದು ಅದೇ ಜಾಗವನ್ನು. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ.

ಕಾಸರಕೋಡಿನ ಬೀಚಿಗೆ 2020ರಲ್ಲಿ ಪಡುಬಿದ್ರಿಯ ಜೊತೆ ಬ್ಲೂ ಫ್ಲ್ಯಾಗ್ (ಬೀಚಿನ ಸ್ವಚ್ಛತೆ, ಸುರಕ್ಷತೆಗೆ ಕೊಡುವ ಅಂತಾರಾಷ್ಟ್ರೀಯ) ಮಾನ್ಯತೆ ಸಿಕ್ಕಿತು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಇರುವ ಕಡೆ ಮಾತ್ರ ನೀರಿಗಿಳಿಯಿರಿ, ಐದು ವರ್ಷದ ಮಗುವಿಗೆ ಅದರ ಮೊಣಕಾಲುದ್ದ ನೀರು ಸಾಕು. ಶರಾವತಿ ಸಮುದ್ರ ಸೇರುವ ಅಳಿವೆಯ ಕಡೆ ಕಾಲೂ ಇಡಬೇಡಿ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಸಮುದ್ರದ ನೀರೂ ಒಟ್ಟಿಗೆ ಹೊರಗೆ ಓಡುತ್ತವೆ. ಹೆಂಗಸರಿಗೊಂದು ಮಾತು: ಒದ್ದೆಯಾದ ಬುರ್ಖಾ ಕಾಲಿಗೆ ಸುತ್ತಿಕೊಂಡು ಎಡವಿಸುತ್ತದೆ, ಅಲೆ ಬಂದಾಗ ಹಾಯಿಯ ಹಾಗೆ ಎಳೆಯುತ್ತದೆ. ನೀರಿಗಿಳಿಯುವುದಾದರೆ ಪಾಲಿಯೆಸ್ಟರಿನ ಸಲ್ವಾರ್, ಮೊಣಕಾಲವರೆಗಿನ ಕುರ್ತಾ, ಪಿನ್ ಬೇಡದ ಸ್ಕಾರ್ಫ್ ಸಾಕು. ಬೆಳಗ್ಗೆ ಏಳರಿಂದ ಎಂಟೂವರೆವರೆಗೆ ಜನವೂ ಕಡಿಮೆ.

ಬೋಟು ಬೆಳಗಿನದ್ದೇ ಹಿಡಿಯಿರಿ, ಎಂಟರಿಂದ ಒಂಬತ್ತೂವರೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ, ಹೊಳೆಯಲ್ಲೂ ದೋಣಿ ಕುಲುಕುತ್ತದೆ, ಹಕ್ಕಿಗಳೂ ಕಾಣುವುದಿಲ್ಲ. ಬುಕ್ ಮಾಡುವಾಗ 'ಆ ಹೊತ್ತಿಗೆ ಭರತವೋ (ಉಬ್ಬರ) ಇಳಿತವೋ' ಅಂತ ಕೇಳಿ. ಇದು ಅತ್ತೆಯ ಮಂಡಿಯ ಪ್ರಶ್ನೆ. ಭರತದಲ್ಲಿ ದೋಣಿ ಕಟ್ಟೆಯ ಮಟ್ಟಕ್ಕೆ ಬಂದಿರುತ್ತದೆ, ಒಂದು ಹೆಜ್ಜೆ ಇಟ್ಟರೆ ಒಳಗೆ. ಅಮಾವಾಸ್ಯೆ ಹುಣ್ಣಿಮೆ ಹತ್ತಿರದ ಇಳಿತದಲ್ಲಿ ಅದೇ ದೋಣಿ ಮೂರು ನಾಲ್ಕು ಅಡಿ ಕೆಳಗಿರಬಹುದು, ಇಳಿಯುವ ಮೆಟ್ಟಿಲಿಗೆ ಪಾಚಿ ಬೇರೆ. ತೇಲುವ ಜೆಟ್ಟಿ ಇದ್ದರೆ ಈ ರಗಳೆಯಿಲ್ಲ. ಇಳಿತದಲ್ಲಿ ಕಾಂಡ್ಲಾದ ಸಣ್ಣ ಕಾಲುವೆಗಳಿಗೆ ದೋಣಿ ಹೋಗುವುದೂ ಇಲ್ಲ, ಕೆಸರಿಗೆ ಕೂರುತ್ತದೆ. ಭರತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಹೋದ ವಾರ ಹೋಗಿಬಂದವರ ಹೊತ್ತು ನಿಮಗೆ ಉಪಯೋಗವಿಲ್ಲ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯಾ ನೋಡಿ. ದೊಡ್ಡವರದ್ದನ್ನು ಐದು ವರ್ಷದ ಮಗುವಿಗೆ ಹಾಕಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ತೊಡೆ ಸಂದಿಯ ಪಟ್ಟಿ ಇದ್ದರೆ ಮಾತ್ರ ಸರಿ.

ಕಾಂಡ್ಲಾ ನಡುವಿನ ಹಲಗೆ ನಡಿಗೆ ಅತ್ತೆಗೂ ಆಗುತ್ತದೆ, ನೆಲ ಸಮತಟ್ಟು. ಅಲ್ಲಿ ಮಾತ್ರ ಭರತಕ್ಕಿಂತ ಇಳಿತ ಚೆಂದ. ನೀರು ಸರಿದಾಗ ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಉಸಿರು ಬೇರುಗಳು ಎದ್ದಿರುತ್ತವೆ, ಒಂದೇ ಕೈ ದೊಡ್ಡದಿರುವ ಪುಟಾಣಿ ಏಡಿಗಳು ಬಿಲದ ಬಾಯಲ್ಲಿ ಆ ಕೈ ಬೀಸುತ್ತವೆ. ಒಂಬತ್ತು ವರ್ಷದವರು ಅಲ್ಲಿಂದ ಏಳುವುದಿಲ್ಲ, ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಸಂಜೆ ಐದೂವರೆ ಮೇಲೆ ಸೊಳ್ಳೆ. ಅಪ್ಸರಕೊಂಡದಲ್ಲಿ ಜಲಪಾತಕ್ಕೆ ಮೆಟ್ಟಿಲು ಇಳಿಯಬೇಕು, ಡಿಸೆಂಬರಿಗೆ ನೀರೂ ಸಣ್ಣಗಾಗಿರುತ್ತದೆ. ಗುಡ್ಡದ ಮೇಲೆ ಕೂತು ಸಮುದ್ರ ನೋಡಿಬನ್ನಿ, ಸಾಕು. ರಾತ್ರಿ ಬೀಚಿನಲ್ಲಿ ಟಾರ್ಚ್ ಹಾಕಿ ಓಡಾಡುವುದು ಬೇಡ, ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುವ ಕಾಲ ಅದು.

ಮಂಗನ ಕಾಯಿಲೆಯ ಭಯಕ್ಕೆ ಕಾರಣವಿದೆ. 1957ರಲ್ಲಿ ಮೊದಲು ಕಂಡದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಕಾಲ. ಆದರೆ ಅದು ಹರಡುವುದು ಕಾಡಿನ ತರಗೆಲೆಯಲ್ಲಿರುವ ಉಣ್ಣೆಯಿಂದ. ಬೀಚಿನ ಮರಳಲ್ಲಿ, ದೋಣಿಯಲ್ಲಿ, ಪೇಟೆಯಲ್ಲಿ ಆ ಚಿಂತೆ ಬೇಡ, ಮನುಷ್ಯರಿಂದ ಮನುಷ್ಯರಿಗೂ ಬರುವುದಿಲ್ಲ. ನಿಮ್ಮ ದಾರಿಯಲ್ಲಿ ಎಚ್ಚರ ಬೇಕಾದದ್ದು ಮಾವಿನಗುಂಡಿ ದಾಟಿದ ಮೇಲಿನ ಘಾಟಿಯಲ್ಲಿ. ಸಿಂಗಳೀಕ ಕಾಣುತ್ತದೆಂದು ಇಳಿದು ಕಾಡಂಚಿನಲ್ಲಿ ಚಾಪೆ ಹಾಸಿ ತಿಂಡಿ ತಿನ್ನುವುದು, ಮೂತ್ರಕ್ಕೆ ಮಕ್ಕಳನ್ನು ಪೊದೆಗೆ ಕಳಿಸುವುದು ಇವೆರಡೂ ಬೇಡ. ಕಾಯಿಲೆಯಿರುವ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೊಡುವ, ಉಣ್ಣೆ ಕಚ್ಚದಂತೆ ತಡೆಯುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ವಾಪಸು ಬಂದ ವಾರ ಹತ್ತು ದಿನದೊಳಗೆ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿನ ದಾರಿಯಲ್ಲಿ ಹೋಗಿಬಂದದ್ದನ್ನು ಡಾಕ್ಟರಿಗೆ ಮೊದಲ ಮಾತಲ್ಲೇ ಹೇಳಿ.

ದಾರಿ ಸಾಗರ, ತಾಳಗುಪ್ಪ, ಮಾವಿನಗುಂಡಿ, ಗೇರುಸೊಪ್ಪ. ಬೆಳಗ್ಗೆ ಏಳಕ್ಕೆ ಬಿಟ್ಟು ಸಾಗರದಲ್ಲಿ ತಿಂಡಿ, ಜೋಗದಲ್ಲಿ ಮುಕ್ಕಾಲು ಗಂಟೆ. ಒಂದೂವರೆಯ ಸುಮಾರಿಗೆ ಹೊನ್ನಾವರ ಸೇರುತ್ತೀರಿ. ಘಾಟಿಯಲ್ಲಿ ವಾಂತಿ ಮಾಡುವ ಮಕ್ಕಳಿಗೆ ಸಾಗರದಲ್ಲಿ ಪೂರಿ, ಹಾಲು ಬೇಡ, ಎರಡು ಇಡ್ಲಿ ಸಾಕು. ಅತ್ತೆಯ ಊಟ ಎರಡು ಗಂಟೆಗೆ ಜಾರುವುದರಿಂದ ಹನ್ನೊಂದೂವರೆಗೆ ಅವರಿಗೆ ಏನಾದರೂ ಕೊಡಿ, ಇನ್ಸುಲಿನ್ ಇದ್ದರೆ ಡ್ಯಾಶ್‌ಬೋರ್ಡಿನಲ್ಲಿ ಇಡಬೇಡಿ. ನೇರ ಭಟ್ಕಳ ಎಂದು ಹಾಕಿದರೆ ಮ್ಯಾಪು ಕಾರ್ಗಲ್ ಮೇಲೆ ಕೋಗಾರ್ ಘಾಟಿ ತೋರಿಸಬಹುದು. ಹತ್ತಿರವೇನೋ ಹೌದು, ಆದರೆ ರಸ್ತೆ ಕಿರಿದು, ಸಿಗ್ನಲ್ ಸಿಗದ ಉದ್ದುದ್ದ ಕಾಡು. ಆ ದಾರಿ ಗೊತ್ತಿರುವ ಡ್ರೈವರ್ ಇಲ್ಲದಿದ್ದರೆ ಬೇಡ. ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ 'ಆ ಕಡೆಯಿಂದ ಹೋದ್ರೆ ಹೇಗೆ' ಅಂತ ಕೇಳುವವರು ಹೆಚ್ಚಾಗಿದ್ದಾರೆ. ಅದು ಕೊಲ್ಲೂರು, ಬೈಂದೂರಿಗೆ ಸರಿ, ಹೊನ್ನಾವರಕ್ಕೆ ಸುತ್ತು.

ಎರಡನೆಯ ದಿನ ಬೆಳಗ್ಗೆ ಬೋಟು, ಜುಹರ್ (ಮಧ್ಯಾಹ್ನದ ನಮಾಜ್) ಮುಗಿಸಿ ಭಟ್ಕಳಕ್ಕೆ ಬಿರಿಯಾನಿಗೆ ಹೋಗಿ. ಈರುಳ್ಳಿ ಹೆಚ್ಚು, ಖಾರ ಕಡಿಮೆ, ಮಕ್ಕಳಿಗೆ ಹಿಡಿಸುತ್ತದೆ. ಶೇವಿಗೆ ಬಿರಿಯಾನಿ ಸಿಕ್ಕರೆ ಬಿಡಬೇಡಿ. ಅದು ಶುಕ್ರವಾರ ಆಗದಂತೆ ನೋಡಿಕೊಳ್ಳಿ, ಜುಮಾ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಬರುವಾಗ ಮುರುಡೇಶ್ವರದ ಬೀಚನ್ನು ದಡದಿಂದಲೇ ನೋಡಿ. ಪ್ರವಾಸವನ್ನು ಜನವರಿಗೆ ತಳ್ಳಿದರೆ ರೂಮಿನ ಬಾಡಿಗೆ ಇಳಿಯುತ್ತದೆ, ಗಲಾಟೆಯೂ ಕಡಿಮೆ. ಅದಕ್ಕೂ ಮುಂದೆ ಹೋಗುವುದಾದರೆ ರಂಜಾನ್ ಯಾವಾಗ ನೋಡಿಕೊಳ್ಳಿ, ಹಗಲಲ್ಲಿ ಮುಸ್ಲಿಂ ಹೋಟೆಲುಗಳು ಮುಚ್ಚಿರುತ್ತವೆ.

ಮೂರನೆಯ ದಿನ ಎರಡು ಗಂಟೆಗೆ ಹೊನ್ನಾವರ ಬಿಟ್ಟರೆ ಘಾಟಿಯನ್ನು ಬೆಳಕಿರುವಾಗಲೇ ಹತ್ತಿ, ಅಸರ್ ಸಾಗರದಲ್ಲಿ, ಮಗ್ರಿಬ್‌ಗೆ ಶಿವಮೊಗ್ಗ. ಅಂದು ಬೆಳಗ್ಗೆ ಮಾರ್ಕೆಟಿನಲ್ಲಿ ಮನೆಗೆ ಮೀನು ಕೊಳ್ಳುವ ಆಸೆಯಾದರೆ ಥರ್ಮೋಕೋಲ್ ಡಬ್ಬಿಯಲ್ಲಿ ಮೀನು ಎಷ್ಟು ಕೆ.ಜಿ.ಯೋ ಅಷ್ಟೇ ಪುಡಿ ಐಸು: ಕೆಳಗೊಂದು ಪದರ ಐಸು, ಮೀನು, ಮತ್ತೆ ಐಸು. ಕಿವಿರು, ಕರುಳು ತೆಗೆಸಿಯೇ ತುಂಬಿ. ಕರಗಿದ ನೀರಲ್ಲಿ ಮೀನು ಮುಳುಗಿ ಕೂತರೆ ಮೆತ್ತಗಾಗಿ ವಾಸನೆ ಹೊಡೆಯುತ್ತದೆ, ಆದ್ದರಿಂದ ಸಾಗರದಲ್ಲಿ ನಿಂತಾಗ ಡಬ್ಬಿಯನ್ನೊಮ್ಮೆ ಬಗ್ಗಿಸಿ ನೀರು ಬಸಿದುಬಿಡಿ.